ಮುಂಗುಸಿ ಕತೆಯ ಜಾಡು: ಅಂತರ್ಜಾಲದ ಮೂಲಗಳಿಂದ 12 ಸಾಲಿನ ಕಥಾಕಡತ ಕಟ್ಟುವ ಕೆಲಸ

ಹಾವಿನಿಂದ ಮಗುವನ್ನು ಕಾಪಾಡಿದ ಮುಂಗುಸಿ ರಕ್ತ ಮೆತ್ತಿದ ಬಾಯಲ್ಲಿ ಬಾಗಿಲಿಗೆ ಓಡಿ ಬರುತ್ತದೆ. ನೀರು ತಂದ ತಾಯಿ ಅದನ್ನು ನೋಡಿ ತಪ್ಪು ತಿಳಿದು ಕೊಡ ಎತ್ತಿಹಾಕಿ ಕೊಲ್ಲುತ್ತಾಳೆ. ನಮ್ಮಲ್ಲಿ ಈ ಕತೆ ಕೇಳದೆ ಬೆಳೆದವರು ಕಡಿಮೆ. ಇದೇ ಕತೆ ವೇಲ್ಸ್ ನಾಡಿನ ಬೆಡ್‌ಗೆಲರ್ಟ್ ಎಂಬ ಊರಿನಲ್ಲಿ ಗೆಲರ್ಟ್ ಎಂಬ ಬೇಟೆನಾಯಿಯ ಸಮಾಧಿಯಾಗಿ ನಿಂತಿದೆ. ಫ್ರಾನ್ಸಿನ ಲಿಯಾನ್ ನಗರದ ಹತ್ತಿರ ಗಿನೆಫೋರ್ ಎಂಬ ನಾಯಿ 13ನೆಯ ಶತಮಾನದಲ್ಲಿ ಮಕ್ಕಳ ಕಾಯಿಲೆ ವಾಸಿಮಾಡುವ ಸಂತನಾಗಿ ಪೂಜೆ ಪಡೆಯುತ್ತಿತ್ತು. ಈ ಪಾಠಗಳನ್ನೆಲ್ಲ, ಅಂದರೆ ಕತೆಯ ಬೇರೆ ಬೇರೆ ಲಿಖಿತ ರೂಪಗಳನ್ನೆಲ್ಲ, ಬಿಟ್ಟಿಯಾಗಿ ಸಿಗುವ ಮೂಲಗಳಿಂದ ಹೆಕ್ಕಿ, ಒಂದೇ ಕಡತದಲ್ಲಿ ಪಾಠಕ್ಕೊಂದು ಸಾಲಿನಂತೆ ಜೋಡಿಸಿ, ಹುಡುಕಲು ಬರುವಂತೆ ಮಾಡುವ ಕೆಲಸದ ದಾಖಲೆ ಇದು. ಬೇರೆ ಯಾವ ಕತೆಗಾದರೂ ಇದೇ ಕ್ರಮ ನಡೆಯುತ್ತದೆ. ಇಲ್ಲಿ ಮುಂಗುಸಿಯನ್ನು ಆರಿಸಲು ಕಾರಣವಿದೆ: ಕತೆ ಚಿಕ್ಕದು, ಪಾಠಗಳು ಚದುರಿವೆ, ಪ್ರಾಣಿ ಊರಿಂದೂರಿಗೆ ಬದಲಾಗುತ್ತದೆ.

ಇಡೀ ಕೆಲಸಕ್ಕೆ ನಿಯಮ ಒಂದೇ. ಮೂಲದ ಪುಟವನ್ನು ತೆರೆದು ಆ ಸಾಲನ್ನು ಕಣ್ಣಿಂದ ನೋಡದೆ ಯಾವ ಮಾಹಿತಿಯೂ ಕಡತಕ್ಕೆ ಹೋಗಕೂಡದು. ಮರುಕತೆ, ಸಾರಾಂಶ, ವಿಶ್ವಕೋಶದ ಲೇಖನ, ಇವೆಲ್ಲ ದಾರಿ ತೋರಿಸಲಿ, ಸಾಕು. ಪುರಾಣ-ಜನಪದ ಕತೆಗಳ ಬಗ್ಗೆ ಅಂತರ್ಜಾಲದಲ್ಲಿ ತಿರುಗುವ ತಪ್ಪುಗಳಲ್ಲಿ ಹೆಚ್ಚಿನವು ಒಬ್ಬರ ಸಾರಾಂಶದಿಂದ ಇನ್ನೊಬ್ಬರು ಸಾರಾಂಶ ಮಾಡಿದ್ದರಿಂದಲೇ ಹುಟ್ಟಿದವು.

ಬೇಕಾದ ಸಾಮಾನು

ಸಾಧಾರಣ ಲ್ಯಾಪ್‌ಟಾಪ್ ಸಾಕು. ಕೋಷ್ಟಕ ಮಾಡಲು ಲಿಬ್ರೆಆಫೀಸ್ ಕ್ಯಾಲ್ಕ್, ಒಂದು ಸರಳ ಪಠ್ಯ ಸಂಪಾದಕ, ಪುಟದ ಚಿತ್ರವನ್ನು ಓದಿ ಪಠ್ಯ ಮಾಡುವ ಟೆಸರ್ಯಾಕ್ಟ್ ಓಸಿಆರ್ ಮತ್ತು ಅದರ ಕನ್ನಡ ಮಾದರಿ ಕಡತ, ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ತಂತ್ರಾಂಶದ 3.34 ಅಥವಾ ಅದರ ನಂತರದ ಆವೃತ್ತಿ. ಆವೃತ್ತಿಯ ಸಂಖ್ಯೆ ಯಾಕೆ ಮುಖ್ಯ ಎಂಬುದು ಹುಡುಕುಪಟ್ಟಿಯ ಹಂತದಲ್ಲಿ ಗೊತ್ತಾಗುತ್ತದೆ. ಎಲ್ಲವೂ ಉಚಿತ.

ಫೋಲ್ಡರ್ ರಚನೆ: ‘ಚಿತ್ರ’, ‘ಪಠ್ಯ’, ‘ಶುದ್ಧ’ ಎಂದು ಮೂರು. ಮೊದಲನೆಯದರಲ್ಲಿ ಸ್ಕ್ಯಾನ್ ಪುಟಗಳು, ಎರಡನೆಯದರಲ್ಲಿ ಇಳಿಸಿದ ಅಥವಾ ಓಸಿಆರ್‌ನಿಂದ ಬಂದ ಪಠ್ಯ ಹೇಗಿದೆಯೋ ಹಾಗೆ, ಮೂರನೆಯದರಲ್ಲಿ ತಿದ್ದಿದ ಪಠ್ಯ. ಎರಡನೆಯ ಫೋಲ್ಡರನ್ನು ಯಾವತ್ತೂ ಮುಟ್ಟಬಾರದು. ತಿದ್ದುವಾಗ ಕಳೆದುಹೋದ ಸಾಲು ಯಾವುದು ಎಂದು ಹೋಲಿಸಿ ನೋಡಲು ಅದೊಂದೇ ಆಧಾರ.

ಕಾಲಂಗಳು

ಇಲ್ಲಿ ಅವಸರ ಬೇಡ, ಕಡತದ ಜೀವ ಇರುವುದೇ ಕಾಲಂಗಳಲ್ಲಿ. ಸಾಲಿನ ಸಂಖ್ಯೆ, ಕೃತಿ, ಭಾಷೆ, ಕೃತಿಯೊಳಗಿನ ಜಾಗ (ಸರ್ಗ, ಕಾಂಡ, ಕತೆಯ ಕ್ರಮಸಂಖ್ಯೆ), ಸ್ಕ್ಯಾನಿನ ಪುಟ, ಕೊಂಡಿ, ಇವು ಎಲ್ಲರೂ ಇಡುವಂಥವು. ಕತೆಯ ಒಳಗಿನಿಂದ ಬರುವ ಕಾಲಂಗಳು ಇವು: ಕಾಪಾಡಿದ ಪ್ರಾಣಿ, ಶತ್ರು, ಕೊಂದವರು, ಕೊಂದ ಸಾಧನ, ತೊಟ್ಟಿಲು ಮಗುಚಿತೇ, ಕತೆ ಚೌಕಟ್ಟಾಗಿದೆಯೋ ಇನ್ನೊಂದು ಕತೆಯ ಒಳಗಿದೆಯೋ, ಒಳಗೆ ಬೇರೆ ಕತೆ ಇದೆಯೇ, ಕೊನೆಗೆ ಏನಾಯಿತು.

ಕಾಲಕ್ಕೆ ಒಂದು ಕಾಲಂ ಇಟ್ಟರೆ ಸಾಲದು, ನಾಲ್ಕು ಬೇಕು. ಕೃತಿ ರಚನೆಯಾದ ಕಾಲಕ್ಕೆ ‘ಇದಕ್ಕಿಂತ ಮೊದಲಲ್ಲ’, ‘ಇದಕ್ಕಿಂತ ನಂತರವಲ್ಲ’ ಎಂದು ಎರಡು. ನಾವು ಓದುತ್ತಿರುವ ಪಾಠದ ಸಾಕ್ಷ್ಯಕ್ಕೆ, ಅಂದರೆ ಹಸ್ತಪ್ರತಿ ಅಥವಾ ಮುದ್ರಣಕ್ಕೆ, ಅದೇ ರೀತಿ ಎರಡು. ಇಬ್ನ್ ಅಲ್-ಮುಕಫ್ಫ ಪಂಚತಂತ್ರವನ್ನು ‘ಕಲೀಲ ವ ದಿಮ್ನ’ ಎಂಬ ಹೆಸರಲ್ಲಿ ಅರಬ್ಬಿಗೆ ತಂದದ್ದು ಸುಮಾರು 750ರಲ್ಲಿ. ಉಳಿದಿರುವ ಅರಬ್ಬಿ ಹಸ್ತಪ್ರತಿಗಳೋ 13ನೆಯ ಶತಮಾನದಿಂದ ಈಚಿನವು. ನಡುವಿನ ನಾಲ್ಕೂವರೆ ಶತಮಾನದಲ್ಲಿ ನಕಲುಗಾರರು ಸೇರಿಸಿದ್ದು ಬಿಟ್ಟದ್ದು ಬೇಕಾದಷ್ಟಿದೆ. ಒಂದೇ ಕಾಲಂನಲ್ಲಿ 750 ಎಂದು ಬರೆದು ಮುಂದೆ ಹೋದರೆ ಆ ಅಂತರವೇ ಕಣ್ಣಿಗೆ ಬೀಳುವುದಿಲ್ಲ.

ವರ್ಷಗಳನ್ನು ಬರೀ ಅಂಕಿಯಾಗಿ ಇಡಿ, ತಾರೀಖಿನ ರೂಪದಲ್ಲಿ ಬೇಡ. ಎಕ್ಸೆಲ್ 1900ಕ್ಕಿಂತ ಹಿಂದಿನದನ್ನು ತಾರೀಖು ಎಂದು ಒಪ್ಪುವುದೇ ಇಲ್ಲ. ಸಿಎಸ್‌ವಿ ಮಾಡಿ ಉಳಿಸುವಾಗ ಅಕ್ಷರಸಂಕೇತವಾಗಿ ಯುಟಿಎಫ್-8 ಆರಿಸಿ. ಎಕ್ಸೆಲ್‌ನಲ್ಲಿ ತೆರೆಯುವವರಿಗೆ ಕೊಡುವುದಾದರೆ ಕಡತದ ತಲೆಯಲ್ಲಿ ಆ ಸಂಕೇತ ಯಾವುದೆಂದು ತಿಳಿಸುವ ಬಿಓಎಂ ಗುರುತು ಇರಲಿ, ಇಲ್ಲದಿದ್ದರೆ ಕನ್ನಡವೆಲ್ಲ ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತದೆ.

ಹಂತ 1: ಬಾಗಿಲು ತೆರೆಯುವ ಸಂಖ್ಯೆ

ಜಗತ್ತಿನ ಜನಪದ ಕತೆಗಳಿಗೆ ಆರ್ನೆ, ಥಾಂಪ್ಸನ್, ಉಥರ್ ಮಾಡಿದ ವರ್ಗಸೂಚಿಯಲ್ಲಿ ಈ ಕತೆಯ ಸಂಖ್ಯೆ 178ಎ. ಉಥರ್ ಪರಿಷ್ಕರಣ 2004ರದು. ಕತೆಗಳಲ್ಲಿ ಮರುಕಳಿಸುವ ಸಣ್ಣ ಸಣ್ಣ ಅಂಶಗಳನ್ನು ಪಟ್ಟಿಮಾಡಿದ ಸ್ಟಿತ್ ಥಾಂಪ್ಸನ್ ಆಶಯಸೂಚಿಯಲ್ಲಿ ಇದು ಬಿ331.2. ಹುಡುಕುವಾಗ ಈ ಎರಡು ಸಂಖ್ಯೆಗಳನ್ನು ಬಳಸಿದರೆ ಭಾಷೆಯ ತೊಡಕಿಲ್ಲದೆ ನೇರ ಜಾಗಕ್ಕೆ ತಲುಪಬಹುದು.

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಾಣದಲ್ಲಿ ಡಿ. ಎಲ್. ಆಶ್ಲಿಮನ್ ಕಟ್ಟಿದ ಜನಪದ ಪಠ್ಯಗಳ ಸಂಗ್ರಹದಲ್ಲಿ 178ಎಗೆ ಒಂದು ಪುಟವೇ ಇದೆ. ಇಡೀ ಅಂತರ್ಜಾಲದಲ್ಲಿ ಹೊಸಬರು ಮೊದಲು ನೋಡಬೇಕಾದ ಜಾಗ ಅದು. ಪ್ರತಿ ಪಾಠದ ಕೆಳಗೂ ಅದನ್ನು ಯಾವ ಪುಸ್ತಕದ ಯಾವ ಪುಟದಿಂದ ತೆಗೆದರೆಂದು ಬರೆದಿದ್ದಾರೆ. ಆ ಟಿಪ್ಪಣಿಯನ್ನು ಹಿಡಿದು ಇಂಟರ್ನೆಟ್ ಆರ್ಕೈವ್‌ನಲ್ಲಿ ಮೂಲ ಪುಸ್ತಕದ ಸ್ಕ್ಯಾನ್ ತೆರೆದು, ಪುಟ ಸಂಖ್ಯೆ ತಾಳೆ ನೋಡಿ, ಆಮೇಲೆ ಕಡತಕ್ಕೆ ಸೇರಿಸಿ. ಆಶ್ಲಿಮನ್ ಅವರದೇ ಅನುವಾದ ಎಂದಿದ್ದರೆ ಅದರ ಹಕ್ಕು ಅವರದು, ಕೊಂಡಿ ಮಾತ್ರ ಇಡಿ.

ವರ್ಗಸೂಚಿಯ ಸಂಖ್ಯೆಗೆ ಇದಕ್ಕಿಂತ ಹೆಚ್ಚು ಕೆಲಸ ಕೊಡಬೇಡಿ. ಒಂದೇ ಸಂಖ್ಯೆಯಡಿ ಬಂದ ಮಾತ್ರಕ್ಕೆ ಒಂದು ಕತೆ ಇನ್ನೊಂದರಿಂದ ಹುಟ್ಟಿತು ಎಂದಾಗುವುದಿಲ್ಲ.

ಹಂತ 2: ಸಂಸ್ಕೃತದ 4 ಸಾಲು

ಗಟ್ಟಿಂಗನ್ ವಿಶ್ವವಿದ್ಯಾಲಯದ ಗ್ರೆಟಿಲ್ ಸಂಗ್ರಹದಲ್ಲಿ ಪಂಚತಂತ್ರ, ಹಿತೋಪದೇಶ, ಕಥಾಸರಿತ್ಸಾಗರ ಮೂರೂ ರೋಮನ್ ಲಿಪ್ಯಂತರದಲ್ಲಿ ಸಿಗುತ್ತವೆ. ಹುಡುಕುವಾಗ ‘ನಕುಲಃ’ ಎಂದು ವಿಸರ್ಗ ಸಮೇತ ಟೈಪ್ ಮಾಡಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತವೆ, ಏಕೆಂದರೆ ಸಂಧಿಯಲ್ಲಿ ಅದು ನಕುಲೋ ಆಗುತ್ತದೆ, ವಿಭಕ್ತಿಯಲ್ಲಿ ನಕುಲಂ, ನಕುಲೇನ ಆಗುತ್ತದೆ. ಕೊನೆಯ ಸ್ವರ ಬಿಟ್ಟು ‘ನಕುಲ್’ ಎಂಬಲ್ಲಿಗೆ ನಿಲ್ಲಿಸಿ. ಮಹಾಭಾರತದ ಕಡತದಲ್ಲಿ ಹೀಗೆ ಹುಡುಕಲು ಹೋಗಬೇಡಿ, ಪಾಂಡವ ನಕುಲನೇ ಪುಟಗಟ್ಟಲೆ ಬರುತ್ತಾನೆ. ಆಶ್ವಮೇಧಿಕ ಪರ್ವದ ಅರೆಚಿನ್ನದ ಮುಂಗುಸಿಯದು ಬೇರೆಯೇ ಕತೆ. ಅದನ್ನು ಈ ಕಡತಕ್ಕೆ ಸೇರಿಸಬಾರದು.

ಸೇರಿಸಬೇಕಾದ ಸಾಲುಗಳು: ಕಾಶ್ಮೀರದ ‘ತಂತ್ರಾಖ್ಯಾಯಿಕ’ ಪಾಠದ 5ನೆಯ ತಂತ್ರ, ಜೈನ ಮುನಿ ಪೂರ್ಣಭದ್ರ 1199ರಲ್ಲಿ ಸಿದ್ಧಪಡಿಸಿದ ಪಂಚತಂತ್ರದ 5ನೆಯ ತಂತ್ರ, ಹಿತೋಪದೇಶದ 4ನೆಯ ಭಾಗವಾದ ಸಂಧಿ, ಸೋಮದೇವನ ಕಥಾಸರಿತ್ಸಾಗರದ 64ನೆಯ ತರಂಗ. ಹಿತೋಪದೇಶದ ಕಾಲದ ಬಗ್ಗೆ ಚರ್ಚೆಯಿದೆ, ಆದರೆ ಅದರ ತೀರ ಹಳೆಯ ಹಸ್ತಪ್ರತಿ 1373ರದು, ಹಾಗಾಗಿ ‘ಇದಕ್ಕಿಂತ ನಂತರವಲ್ಲ’ ಕಾಲಂನಲ್ಲಿ ಆ ಅಂಕಿ ನಿಲ್ಲುತ್ತದೆ. ಪಂಚತಂತ್ರದ ಮೂಲಕ್ಕೂ ಇಂಥದೊಂದು ಗಡಿಯಿದೆ: 6ನೆಯ ಶತಮಾನದಲ್ಲಿ, ಇರಾನಿನ ಅನುಷಿರ್ವಾನ್ ಖುಸ್ರೋ ದೊರೆಯ ಕಾಲದಲ್ಲಿ, ಬುರ್ಜೋಯ್ ಎಂಬ ವೈದ್ಯ ಅದನ್ನು ಅಂದಿನ ಪಾರಸಿಯಾದ ಪಹ್ಲವಿಗೆ ತಂದಾಗಿತ್ತು.

ಈಗ ‘ಕೊಂದವರು’ ಕಾಲಂ ತುಂಬಿ ನೋಡಿ. ತಂತ್ರಾಖ್ಯಾಯಿಕ, ಹಿತೋಪದೇಶ, ಕಥಾಸರಿತ್ಸಾಗರ ಮೂರರಲ್ಲೂ ಕೊಲ್ಲುವವನು ಬ್ರಾಹ್ಮಣ. ಹೆಂಡತಿ ಸ್ನಾನಕ್ಕೆ ಹೋಗಿರುತ್ತಾಳೆ, ಅರಮನೆಯಿಂದ ಕರೆ ಬಂದು ಅವನೂ ಹೊರಡುತ್ತಾನೆ, ಹಿಂದಿರುಗಿ ಬಂದು ಕೊಲ್ಲುತ್ತಾನೆ. ಪೂರ್ಣಭದ್ರನಲ್ಲಿ ಕೊಲ್ಲುವವಳು ಬ್ರಾಹ್ಮಣಿ, ಸಾಧನ ನೀರಿನ ಕೊಡ. ಅಲ್ಲಿ ಹುಡುಕಲು ಒಳ್ಳೆಯ ಗುರುತು ‘ಜಲಕುಂಭ’. ನಮ್ಮ ಮನೆಗಳಲ್ಲಿ ಹೇಳುವ ಕತೆಯ ತಾಯಿ ಮತ್ತು ಕೊಡ ಈ ಎರಡನೆಯ ಕವಲಿಗೆ ಹೊಂದುತ್ತವೆ, ಹಿತೋಪದೇಶಕ್ಕಲ್ಲ. ಎರಡು ಕಾಲಂ ತುಂಬಿದ್ದಕ್ಕೇ ಇಷ್ಟು ತಿಳಿಯಿತು.

‘ಒಳಗತೆ’ ಕಾಲಂ ಇನ್ನೂ ಬೆಲೆಯುಳ್ಳದ್ದು. ಫ್ರಾಂಕ್ಲಿನ್ ಎಡ್ಜರ್ಟನ್ ಹಳೆಯ ಪಾಠಗಳನ್ನು ಹೋಲಿಸಿ 1924ರಲ್ಲಿ ಪುನಾರಚಿಸಿದ ಪಂಚತಂತ್ರದಲ್ಲಿ ಮುಂಗುಸಿ ಕತೆಯೇ 5ನೆಯ ತಂತ್ರದ ಚೌಕಟ್ಟು. ಅದರೊಳಗೆ ಗಾಳಿಗೋಪುರ ಕಟ್ಟಿದ ಬ್ರಾಹ್ಮಣನ ಕತೆ ಕೂತಿದೆ: ಹಿಟ್ಟಿನ ಮಡಕೆಯನ್ನು ನೋಡುತ್ತ ಮೇಕೆ, ಹಸು, ಹೆಂಡತಿ, ಮಗ ಎಂದು ಕನಸು ಕಂಡು ಕೊನೆಗೆ ಕಾಲಿಂದ ಒದ್ದು ಮಡಕೆ ಒಡೆದವನದು. ಪೂರ್ಣಭದ್ರನಲ್ಲಿ ಚೌಕಟ್ಟು ಬದಲಾಗಿ ಕ್ಷೌರಿಕನ ಕತೆ ಮುಂದೆ ಬಂದಿದೆ, ಮುಂಗುಸಿ ಒಳಗೆ ಸರಿದಿದೆ. ಈ ಜೋಡಿಯನ್ನು ನೆನಪಿಡಿ, ಪಶ್ಚಿಮಕ್ಕೆ ಹೋದಾಗ ಕೆಲಸಕ್ಕೆ ಬರುತ್ತದೆ.

ಹಂತ 3: ತಮಿಳು, ಕನ್ನಡ, ಚೀನಿ

ತಮಿಳಿನ ಸಾಲು ಶಿಲಪ್ಪದಿಕಾರದ 15ನೆಯ ಕಾದೈ (ಅಧ್ಯಾಯ), ಅಡೈಕ್ಕಲಕ್ಕಾದೈ. ಮುಂಗುಸಿಯನ್ನು ಕೊಂದ ಹೆಂಡತಿಯನ್ನು ತೊರೆದು ಗಂಡ ಬಡಗಣ ದೇಶಕ್ಕೆ ಹೊರಡುತ್ತಾನೆ, ಅವಳ ಕೈಗೆ ಒಂದು ಓಲೆ ಕೊಡುತ್ತಾನೆ. ಅವಳ ಪ್ರಾಯಶ್ಚಿತ್ತದ ವೆಚ್ಚವನ್ನು ಕಾವ್ಯದ ನಾಯಕ ಕೋವಲನ್ ವಹಿಸಿ ಗಂಡನನ್ನು ಮರಳಿ ಕೂಡಿಸುತ್ತಾನೆ. ಕತೆ ಮುಗಿದ ಮೇಲೆ ಆ ಹೆಣ್ಣಿನ ಗತಿಯೇನು ಎಂದು ಕೇಳಿದ ಪಾಠ ಈ ಕಡತದಲ್ಲಿ ಇದೊಂದೇ. ‘ಕೊನೆಗೆ ಏನಾಯಿತು’ ಎಂಬ ಕಾಲಂ ಇಟ್ಟದ್ದೂ ಇದಕ್ಕಾಗಿಯೇ.

ಪ್ರಾಜೆಕ್ಟ್ ಮಧುರೈ ತಾಣದಲ್ಲಿ ಪಠ್ಯ ಸಿಗುತ್ತದೆ. ಮುಂಗುಸಿಗೆ ಇಂದಿನ ತಮಿಳಿನ ‘ಕೀರಿ’ ಎಂದು ಹುಡುಕಿದರೆ ಈ ಜಾಗ ಸಿಕ್ಕುವುದಿಲ್ಲ, ಕವಿ ‘ನಕುಲಂ’ ಎಂದೇ ಬರೆದಿದ್ದಾನೆ. ಹಳೆಯ ಕಡತಗಳು ಟಿಸ್ಕಿ ಎಂಬ ಹಳೆಯ ತಮಿಳು ಅಕ್ಷರಸಂಕೇತದಲ್ಲಿರುತ್ತವೆ, ಯೂನಿಕೋಡ್ ಎಂದು ಬರೆದ ಆವೃತ್ತಿಯನ್ನೇ ಇಳಿಸಿ. ಕೃತಿಯ ಕಾಲವನ್ನು ವಿದ್ವಾಂಸರು ಶತಮಾನಗಳ ಅಂತರದಲ್ಲಿ ಬೇರೆ ಬೇರೆಯಾಗಿ ಹೇಳುತ್ತಾರೆ. ಎರಡು ಮಿತಿಗಳನ್ನೂ ಅಗಲವಾಗಿಯೇ ಇಡಿ, ನಡುವಿನ ಒಂದು ಅಂಕಿಯನ್ನು ಆರಿಸಬೇಡಿ.

ಕನ್ನಡಕ್ಕೆ ದುರ್ಗಸಿಂಹನ ಪಂಚತಂತ್ರ, 1031. ಕಲ್ಯಾಣದ ಚಾಲುಕ್ಯ ಜಯಸಿಂಹ ಜಗದೇಕಮಲ್ಲನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದ ಕವಿ ತಾನು ಅನುಸರಿಸಿದ್ದು ವಸುಭಾಗಭಟ್ಟನ ಪಾಠವನ್ನು ಎನ್ನುತ್ತಾನೆ. ವಿಷ್ಣುಶರ್ಮನ ಹೆಸರಿನ ಪಾಠದಲ್ಲಿರುವ ತಂತ್ರಗಳ ಕ್ರಮ ಇಲ್ಲಿಲ್ಲ. ಪ್ರಕರಣಗಳು ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ. 5ನೆಯ ತಂತ್ರ ಎಂದು ಕೊನೆಯ ಭಾಗವನ್ನು ತೆರೆದು ಹುಡುಕಿದರೆ ಸಮಯ ವ್ಯರ್ಥ, ಪರೀಕ್ಷಾ ಪ್ರಕರಣಕ್ಕೆ ನೇರ ಹೋಗಿ. ಸ್ಕ್ಯಾನ್ ಪ್ರತಿ ಎಲ್ಲಿದೆ ಎಂದು ನೋಡಲು ಸಂಚಯ ಬಳಗದ ಪುಸ್ತಕ ಸಂಚಯ ಸೂಚಿಯೂ ಇಂಟರ್ನೆಟ್ ಆರ್ಕೈವ್‌ನ ಸರ್ವೆಂಟ್ಸ್ ಆಫ್ ನಾಲೆಡ್ಜ್ ಸಂಗ್ರಹವೂ ಅನುಕೂಲ. ಹುಡುಕುವಾಗ ಕೃತಿಯ ಹೆಸರನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಎರಡು-ಮೂರು ಬಗೆಯ ಕಾಗುಣಿತದಲ್ಲಿ ಕೊಡಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಪುಸ್ತಕಗಳ ಶೀರ್ಷಿಕೆಗಳು ಹೇಗೆ ಹೇಗೋ ಟೈಪ್ ಆಗಿವೆ.

ಕನ್ನಡ ಸ್ಕ್ಯಾನಿನಲ್ಲಿ ಕೈಕೊಡುವ ಜಾಗಗಳು

ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕದ ‘ಪೂರ್ಣ ಪಠ್ಯ’ ಒತ್ತಿದರೆ ಎಷ್ಟೋ ಸಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಪುಸ್ತಕ ಏರಿಸಿದಾಗ ಭಾಷೆ ಕನ್ನಡ ಎಂದು ಗುರುತಿಸದೆ ಯಂತ್ರ ಇಂಗ್ಲಿಷ್ ಎಂದೇ ಓದಿದ್ದು ಕಾರಣ. ಆ ಪಠ್ಯವನ್ನು ತಿದ್ದಲು ಕೂರಬೇಡಿ. ಬೇಕಾದ ಪುಟಗಳ ಚಿತ್ರ ಇಳಿಸಿ, 300 ಡಿಪಿಐ ಬೂದುಬಣ್ಣಕ್ಕೆ ತಂದು, ಅಡಿಟಿಪ್ಪಣಿಯ ಭಾಗವನ್ನು ಕತ್ತರಿಸಿ ಬೇರೆ ಚಿತ್ರ ಮಾಡಿ, ಟೆಸರ್ಯಾಕ್ಟ್‌ಗೆ ಕನ್ನಡ ಮಾದರಿಯೊಂದಿಗೆ ಕೊಡಿ. ಪುಟ ವಿಂಗಡಣೆಯ ಮೋಡ್ 6, ಅಂದರೆ ಇಡೀ ಚಿತ್ರ ಒಂದೇ ಪಠ್ಯಖಂಡ ಎಂಬ ಲೆಕ್ಕ, ಇಂಥ ಪುಟಕ್ಕೆ ಹೊಂದುತ್ತದೆ. ಅಡಿಟಿಪ್ಪಣಿ ಕತ್ತರಿಸದೆ ಕೊಟ್ಟರೆ ಪಾಠಾಂತರಗಳು ಕತೆಯ ನಡುವೆ ನುಗ್ಗಿ, ಯಾವುದು ಕವಿಯ ಮಾತು ಯಾವುದು ಸಂಪಾದಕರದು ಎಂದು ತಿಳಿಯದಂತಾಗುತ್ತದೆ.

ಓಸಿಆರ್ ಮುಗಿದ ಮೇಲೆ ಮೊದಲು ಸರಿಪಡಿಸಬೇಕಾದ್ದು ಸೊನ್ನೆ. ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯ ಸೊನ್ನೆಯೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು ಬೇರೆ ಅಕ್ಷರ. ‘ಮುಂಗುಸಿ’ಯಲ್ಲಿ ಅಂಕಿ ಕೂತಿದ್ದರೆ ಹುಡುಕಾಟದಲ್ಲಿ ಆ ಮಾತು ಎಂದಿಗೂ ಸಿಗದು. ಪಕ್ಕದಲ್ಲಿ ಬೇರೆ ಅಂಕಿಯಿಲ್ಲದೆ ಅಕ್ಷರದ ಹಿಂದೆ ಬಂದ ಅಂಕಿ-ಸೊನ್ನೆಗಳನ್ನೆಲ್ಲ ಅನುಸ್ವಾರ ಮಾಡಿ. ಮುಂದಿನದು ದೀರ್ಘ. ‘ಮೀನು’ ಎಂಬಲ್ಲಿನ ದೀರ್ಘವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಎಲ್ಲ ಪಠ್ಯವನ್ನೂ ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ಪೈಥಾನ್‌ನಲ್ಲಿ ಇದು ಒಂದು ಸಾಲಿನ ಕೆಲಸ.

ಹಳಗನ್ನಡದ ೞ ಮತ್ತು ಱ ಅಕ್ಷರಗಳನ್ನು ಶುದ್ಧ ಪಠ್ಯದಲ್ಲಿ ಹಾಗೆಯೇ ಉಳಿಸಿ, ಹುಡುಕುವ ಪ್ರತಿಯಲ್ಲಿ ಮಾತ್ರ ಳ, ರ ಮಾಡಿ. ಹುಡುಕುವವರು ‘ಏಳು’ ಎಂದು ಕೊಡುತ್ತಾರೆಯೇ ವಿನಾ ‘ಏೞು’ ಎಂದಲ್ಲ. ಕನ್ನಡದಲ್ಲಿ ಮುಂಗುಸಿ, ಮುಂಗಿಸಿ, ಮುಂಗುಲಿ, ಕೀರಿ, ನಕುಲ, ಇಷ್ಟನ್ನೂ ಒಂದೊಂದಾಗಿ ಹುಡುಕಬೇಕು.

ಚೀನಿ ಸಾಲು ಚಿಕ್ಕದು, ಆದರೆ ಕಡತದ ನಡುಗಂಬ ಅದೇ. ಮಹಾಸಾಂಘಿಕರೆಂಬ ಬೌದ್ಧ ಪಂಥದ ವಿನಯವನ್ನು, ಅಂದರೆ ಭಿಕ್ಷುಗಳ ನಿಯಮಗ್ರಂಥವನ್ನು, ಬುದ್ಧಭದ್ರ ಮತ್ತು ಫಾ-ಶಿಯನ್ 416ರಿಂದ 418ರ ನಡುವೆ ಚೀನಿಗೆ ತಂದರು. ಚೀನಿ ಬೌದ್ಧ ಗ್ರಂಥಗಳ ತೈಶೋ ಆವೃತ್ತಿಯಲ್ಲಿ ಅದರ ಸಂಖ್ಯೆ 1425. ಆ ಗ್ರಂಥಗಳನ್ನು ಇಟ್ಟಿರುವ ಸಿಬೆಟಾ ತಾಣದಲ್ಲಿ ಆ ಸಂಖ್ಯೆ ಕೊಟ್ಟು 3ನೆಯ ಸುರುಳಿ ತೆರೆಯಿರಿ. ಭಿಕ್ಷೆಯಿಂದ ಬದುಕುವ ಬ್ರಾಹ್ಮಣ, ಮಕ್ಕಳಿಲ್ಲದ ಹೆಂಡತಿ, ಮನೆಯಲ್ಲಿ ಮರಿಹಾಕಿದ ಮುಂಗುಸಿ. ಮರಿಯನ್ನು ಅವನು ಮಗನೆಂದು ಸಾಕುತ್ತಾನೆ, ಆಮೇಲೆ ಹೆಂಡತಿ ಬಸಿರಾಗುತ್ತಾಳೆ. ಪ್ರಾಣಿಯ ಹೆಸರು ಅಲ್ಲಿ ‘ನಕುಲ’ವನ್ನೇ ಧ್ವನಿಗೆ ತಕ್ಕಂತೆ ಬರೆದ ಮೂರು ಅಕ್ಷರ, ಹಿಂದೆ ‘ಜೀವಿ’ ಎಂಬರ್ಥದ ಇನ್ನೊಂದು. ಆ ನಾಲ್ಕನೆಯ ಅಕ್ಷರಕ್ಕೆ ಇಂದಿನ ಚೀನಿಯಲ್ಲಿ ಹುಳು ಎಂದು ಅರ್ಥ, ಹಾಗಾಗಿ ಯಂತ್ರಾನುವಾದ ಅದನ್ನು ಕೀಟ ಮಾಡಿಬಿಡುತ್ತದೆ. ‘ಕಾಪಾಡಿದ ಪ್ರಾಣಿ’ ಕಾಲಂನಲ್ಲಿ ಕೀಟ ಎಂದು ಬಿದ್ದಿದ್ದರೆ ಕಾರಣ ಇದು. ಇಲ್ಲಿ ಕೊಲ್ಲುವವನು ಬ್ರಾಹ್ಮಣ.

7 ಸಾಲಾಯಿತು. ಪೂರ್ಣಭದ್ರನದನ್ನು ಬಿಟ್ಟರೆ ಸಂಸ್ಕೃತ, ತಮಿಳು ಸಾಲುಗಳ ಕಾಲ ಮಿತಿಗಳಲ್ಲಿ ಮಾತ್ರ ಗೊತ್ತು, ಚೀನಿ ಸಾಲಿನದು ವರ್ಷದ ಲೆಕ್ಕದಲ್ಲಿ ಗೊತ್ತು. ಭಾರತದಲ್ಲಿ ಹುಟ್ಟಿದ ಕತೆಯ ತಾರೀಖಿಗೆ ಗಟ್ಟಿಯಾಗಿ ಆನಿಸಿಕೊಳ್ಳಬಹುದಾದ ಮೊದಲ ಸಾಕ್ಷ್ಯ ಚೀನಿಯಲ್ಲಿದೆ ಎಂಬುದು ಕಡತ ಕಟ್ಟದೆ ಕಾಣುವ ಸಂಗತಿಯಲ್ಲ.

ಹಂತ 4: ಪಶ್ಚಿಮದ 5 ಸಾಲು

ಪಹ್ಲವಿ ಅನುವಾದ ಕಳೆದುಹೋಗಿದೆ, ಅದಕ್ಕೆ ಸಾಲು ಕೊಡಬೇಡಿ. ಟಿಪ್ಪಣಿಯಲ್ಲಿ ಮಾತ್ರ ಇರಲಿ. 8ನೆಯ ಸಾಲು ಅರಬ್ಬಿಯದು. ಬ್ರಾಹ್ಮಣ ಅಲ್ಲಿ ತಪಸ್ವಿಯಾಗಿದ್ದಾನೆ, ಮುಂಗುಸಿ ವೀಸಲ್ ಆಗಿದೆ. ವೀಸಲ್ ಕೂಡ ಉದ್ದ ಮೈಯ ಸಣ್ಣ ಬೇಟೆಪ್ರಾಣಿಯೇ. ಈ ಅಧ್ಯಾಯದೊಳಗೆ ತುಪ್ಪ-ಜೇನಿನ ಮಡಕೆ ನೋಡುತ್ತ ಕನಸು ಕಟ್ಟಿದವನ ಕತೆಯೂ ಇದೆ. ಸಂಸ್ಕೃತದ ಜೋಡಿ ಬಿಡದೆ ಹಾಗೇ ಬಂದಿದೆ! ಒಂದೇ ಆಶಯ ಎರಡು ನಾಡಲ್ಲಿ ತಾನಾಗಿ ಹುಟ್ಟಬಹುದು. ಒಂದರೊಳಗೊಂದು ಕೂತ ಎರಡು ಕತೆಗಳು ಅದೇ ಕ್ರಮದಲ್ಲಿ ತಾವಾಗಿ ಹುಟ್ಟಿದವು ಎಂದು ವಾದಿಸುವುದು ಬಹಳ ಕಷ್ಟ. ಯಾರಾದರೂ ‘ಕತೆ ಇಲ್ಲಿಂದ ಅಲ್ಲಿಗೆ ಹೋಯಿತು’ ಎಂದರೆ ಮೊದಲು ಕೇಳಬೇಕಾದ್ದು ಇಂಥ ಒಳಗುರುತನ್ನು.

9ನೆಯ ಸಾಲು ಕಪುವಾದ ಜಾನ್ ಹೀಬ್ರೂವಿನಿಂದ ಲ್ಯಾಟಿನ್‌ಗೆ ತಂದ ಪಾಠ, 1263ರಿಂದ 1278ರ ನಡುವಿನದು. ಇಲ್ಲಿ ಪ್ರಾಣಿ ನಾಯಿ. ಲೆಯೋಪೋಲ್ಡ್ ಎರ್ವಿಯೋ 1899ರಲ್ಲಿ ಮುದ್ರಿಸಿದ ಆವೃತ್ತಿಯನ್ನು ಹುಡುಕಿ. 10ನೆಯದು ‘ರೋಮಿನ ಏಳು ಜ್ಞಾನಿಗಳು’ ಎಂಬ ಕಥಾಮಾಲೆಯ ಹಳೆಯ ಫ್ರೆಂಚ್ ಪಾಠ, 12ನೆಯ ಶತಮಾನದ ಉತ್ತರಾರ್ಧ. ಮೊದಲನೆಯ ಜ್ಞಾನಿ ಹೇಳುವ ಕತೆಯೇ ಇದು, ವಿದ್ವಾಂಸರು ಲ್ಯಾಟಿನ್‌ನಲ್ಲಿ ‘ಕಾನಿಸ್’ ಎಂದು ಗುರುತಿಸುತ್ತಾರೆ. ಕಿಲ್ಲಿಸ್ ಕ್ಯಾಂಬೆಲ್ 1907ರಲ್ಲಿ ಪ್ರಕಟಿಸಿದ ಮಧ್ಯಕಾಲೀನ ಇಂಗ್ಲಿಷ್ ಪಾಠದ ಪ್ರಸ್ತಾವನೆ ಒಳ್ಳೆಯ ದಾರಿದೀಪ.

11ನೆಯದು ಗಿನೆಫೋರ್ ನಾಯಿಯ ಬಗ್ಗೆ ಸ್ಟೀಫನ್ ಆಫ್ ಬೂರ್ಬೋನ್ ಎಂಬ ಡೊಮಿನಿಕನ್ ಪಾದ್ರಿಯ ಬರಹ. ಅವನು ತೀರಿಕೊಂಡದ್ದು ಸುಮಾರು 1261ರಲ್ಲಿ. ಲ್ಯಾಟಿನ್ ಪಾಠ ಲೆಕ್ವಾ ದ ಲಾ ಮಾರ್ಶ್ 1877ರಲ್ಲಿ ಅಚ್ಚುಹಾಕಿಸಿದ ಸಂಪುಟದಲ್ಲಿದೆ, ಗ್ಯಾಲಿಕಾ ತಾಣದಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಪ್ರತಿ ಸಿಗುತ್ತದೆ. ಇದನ್ನು ಸಾವಧಾನವಾಗಿ ಓದಬೇಕು. ವಿಲ್ಲಾರ್ ಒಡೆಯನ ಸೀಮೆಯ ಒಂದು ಕೋಟೆಮನೆ. ಒಡೆಯ, ಒಡತಿ, ದಾದಿ ಮೂವರೂ ಹೊರಗೆ. ಹಾವು ತೊಟ್ಟಿಲ ಕಡೆ ಹರಿದು ಬರುತ್ತದೆ. ನಾಯಿ ಅದರ ಮೇಲೆ ಬಿದ್ದು ಕೊಲ್ಲುವಾಗ ತೊಟ್ಟಿಲು ಮಗುಚುತ್ತದೆ. ದಾದಿ ಕಿರುಚುತ್ತಾಳೆ, ಒಡೆಯ ಕತ್ತಿ ಎತ್ತುತ್ತಾನೆ. ನಿಜ ತಿಳಿದ ಮೇಲೆ ನಾಯಿಯನ್ನು ಬಾಗಿಲ ಮುಂದಿನ ಬಾವಿಗೆ ಹಾಕಿ, ಮೇಲೆ ಕಲ್ಲು ಒಟ್ಟಿ, ಸುತ್ತ ಮರ ನೆಡುತ್ತಾರೆ. ಕೋಟೆ ಹಾಳಾದ ಮೇಲೂ ರೈತರು ಆ ಮರಗಳ ಬಳಿಗೆ ಕಾಯಿಲೆಯ ಮಕ್ಕಳನ್ನು ಹೊತ್ತು ತರುತ್ತಿದ್ದರು. ಅದನ್ನು ನಿಲ್ಲಿಸಲು ನಾಯಿಯ ಮೂಳೆಗಳನ್ನು ಅಗೆಸಿ, ತೋಪನ್ನು ಕಡಿಸಿ, ಎಲ್ಲವನ್ನೂ ಸುಡಿಸಿದ್ದು ಇದನ್ನು ಬರೆದ ಪಾದ್ರಿಯೇ. ಆಚರಣೆಯನ್ನು ನಾಶಮಾಡಲು ಬಂದವನ ಬರಹವೇ ಆ ಆಚರಣೆಗೆ ಉಳಿದ ದೊಡ್ಡ ದಾಖಲೆಯಾದ್ದರಿಂದ ‘ಬರೆದವರ ನಿಲುವು’ ಎಂಬ ಕಾಲಂ ಒಂದನ್ನು ಈ ಹಂತದಲ್ಲಿ ಸೇರಿಸಿ.

12ನೆಯದು ಗೆಲರ್ಟ್. ಒಡೆಯ ಲೆವೆಲಿನ್ ದೊರೆ, ಶತ್ರು ಹಾವಲ್ಲ, ತೋಳ. ವಿಲಿಯಂ ರಾಬರ್ಟ್ ಸ್ಪೆನ್ಸರ್ 1800ರಲ್ಲಿ ಬರೆದ ಪದ್ಯದಿಂದ ಕತೆ ಇಂಗ್ಲಿಷ್ ಲೋಕಕ್ಕೆಲ್ಲ ಹಬ್ಬಿತು. ಜೋಸೆಫ್ ಜೇಕಬ್ಸ್ 1892ರ ಸೆಲ್ಟಿಕ್ ಕಥಾಸಂಗ್ರಹದಲ್ಲಿ ಕತೆಯನ್ನು ಕೊಟ್ಟು, ಕೊನೆಯ ಟಿಪ್ಪಣಿಯಲ್ಲಿ ಅದು ಆ ಊರಿಗೆ ಅಂಟಿದ್ದು ತೀರ ಈಚೆಗೆ ಎಂದು ವಿವರಿಸಿದ್ದಾನೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಸ್ತಕ ಉಚಿತ. ಬಹಳ ಕಡೆ ಕತೆಯನ್ನು ಮಾತ್ರ ನಕಲು ಮಾಡಿ ಟಿಪ್ಪಣಿ ಬಿಟ್ಟುಬಿಟ್ಟಿದ್ದಾರೆ, ಹಾಗಾಗಿ ಗುಟೆನ್‌ಬರ್ಗ್ ಪ್ರತಿಯನ್ನೇ ಇಳಿಸಿ. ಲೆವೆಲಿನ್ 1240ರಲ್ಲಿ ಸತ್ತ ಎಂದು ಕತೆಯ ಕಾಲಂನಲ್ಲಿ 1240 ಹಾಕಿದರೆ ಇಡೀ ಕಡತ ಕೆಡುತ್ತದೆ. ಅದು ಕತೆಯೊಳಗಿನ ಕಾಲ, ಪಾಠದ ಕಾಲವಲ್ಲ.

ಇಂಗ್ಲಿಷ್ ಹಳೆಯ ಮುದ್ರಣಗಳಲ್ಲಿ ಒಂದು ತೊಡಕು. 18ನೆಯ ಶತಮಾನದ ಅಚ್ಚಿನಲ್ಲಿ ‘ಎಸ್’ ಅಕ್ಷರ ಉದ್ದವಾಗಿ ‘ಎಫ್’ನಂತೆ ಕಾಣುತ್ತದೆ, ಓಸಿಆರ್ ಹಾಗೆಯೇ ಓದುತ್ತದೆ. ಸರ್ಪೆಂಟ್ ಎಂದು ಹುಡುಕಿ ಸಿಗದಿದ್ದರೆ ಮೊದಲ ಅಕ್ಷರಕ್ಕೆ ‘ಎಫ್’ ಹಾಕಿ ನೋಡಿ. ಮುಂಗುಸಿಗೆ ಹಳಬರು ಇಕ್‌ನ್ಯೂಮನ್ ಎಂಬ ಹೆಸರನ್ನೂ ಬಳಸುತ್ತಿದ್ದರು.

ಬಾಣಗಳ ಪರೀಕ್ಷೆ

ಕತೆ ಯಾವ ಪಾಠದಿಂದ ಯಾವ ಪಾಠಕ್ಕೆ ಹೋಯಿತು ಎಂಬ ಊಹೆಗೆ ಇಲ್ಲಿ ಬಾಣ ಎಂದು ಹೆಸರು. ಬೇರೆ ಹಾಳೆಯಲ್ಲಿ ‘ಯಾವ ಸಾಲಿನಿಂದ’, ‘ಯಾವ ಸಾಲಿಗೆ’, ‘ಆಧಾರ’ ಎಂದು ಮೂರು ಕಾಲಂ ಇಡಿ. ನಾಲ್ಕನೆಯದರಲ್ಲಿ ಸೂತ್ರ: ಕೊಟ್ಟ ಪಾಠದ ‘ಮೊದಲಲ್ಲ’ ವರ್ಷ ಪಡೆದ ಪಾಠದ ‘ನಂತರವಲ್ಲ’ ವರ್ಷಕ್ಕಿಂತ ದೊಡ್ಡದಾದರೆ ‘ತಪ್ಪು’ ಎಂದು ತೋರಿಸಲಿ. ನಾಯಿ ಮೊದಲು ಲ್ಯಾಟಿನ್ ಪಂಚತಂತ್ರದಲ್ಲಿ ಬಂತು, ಅಲ್ಲಿಂದ ಗಿನೆಫೋರ್ ಹುಟ್ಟಿತು ಎಂದು ಬಾಣ ಎಳೆಯುವ ಆಸೆ ಸಹಜ. ಸೂತ್ರ ತಕ್ಷಣ ತಡೆಯುತ್ತದೆ: 1263ಕ್ಕಿಂತ ಹಿಂದಲ್ಲದ ಪಾಠ 1261ಕ್ಕೆ ತೀರಿಕೊಂಡವನ ಪುಸ್ತಕಕ್ಕೆ ಕತೆ ಕೊಡಲಾರದು. ನಾಯಿ ಏಳು ಜ್ಞಾನಿಗಳ ಮಾಲೆಯಲ್ಲಿ ಅದಕ್ಕೂ ಮೊದಲೇ ಇತ್ತು. ‘ಆಧಾರ’ ಖಾಲಿಯಿದ್ದರೆ ಬಾಣವನ್ನೇ ಅಳಿಸಿ.

ಹುಡುಕುಪಟ್ಟಿ

ಶುದ್ಧ ಪಠ್ಯಗಳನ್ನು ಎಸ್‌ಕ್ಯೂಲೈಟ್‌ನ ಎಫ್‌ಟಿಎಸ್5 ಎಂಬ ಪಠ್ಯ-ಹುಡುಕಾಟದ ಕೋಷ್ಟಕಕ್ಕೆ ಏರಿಸಿದರೆ ಕ್ಷಣದಲ್ಲಿ ಹುಡುಕಬಹುದು. ಆದರೆ ಅದರ ಸಹಜ ಪದವಿಭಜಕ ‘ಯೂನಿಕೋಡ್61’ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ. ನಮ್ಮ ಗುಣಿತದ ಚಿಹ್ನೆಗಳು, ಅನುಸ್ವಾರ, ಅರ್ಧಾಕ್ಷರದ ಚಿಹ್ನೆ, ಇವು ಯೂನಿಕೋಡ್ ಲೆಕ್ಕದಲ್ಲಿ ಅಕ್ಷರಗಳಲ್ಲ, ‘ಗುರುತು’ಗಳು. ಹಾಗಾಗಿ ‘ಮುಂಗುಸಿ’ ಮ, ಗ, ಸ ಎಂದು ಮೂರು ತುಂಡಾಗುತ್ತದೆ. ಹುಡುಕಿದರೆ ಏನೂ ಸಿಗುವುದಿಲ್ಲ ಎಂದಲ್ಲ, ಸಿಗಬಾರದ್ದೂ ಸಿಗುತ್ತದೆ: ‘ಮೂಗು ಸೋರಿತು’ ಎಂಬಲ್ಲೂ ಮ, ಗ, ಸ ಸಾಲಾಗಿ ಇವೆಯಲ್ಲ. ಕನ್ನಡ ಹುಡುಕಾಟ ಕೆಟ್ಟಿದೆ ಎಂದು ಕೈಬಿಡುವವರು ಎಡವುವುದು ಇಲ್ಲೇ.

ಪರಿಹಾರ: ಕೋಷ್ಟಕ ಮಾಡುವಾಗಲೇ ವಿಭಜಕದ ‘ಕೆಟಗರೀಸ್’ ಆಯ್ಕೆಯಲ್ಲಿ ಅಕ್ಷರ, ಅಂಕಿ ವರ್ಗಗಳ ಜೊತೆಗೆ ಎಂಎನ್ ಮತ್ತು ಎಂಸಿ ಎಂಬ ಎರಡು ಗುರುತು-ವರ್ಗಗಳನ್ನೂ ಸೇರಿಸಿ. ಈ ಆಯ್ಕೆ 3.25 ಮತ್ತು ಅದರ ನಂತರದ ಆವೃತ್ತಿಗಳಲ್ಲಿದೆ. ಏರಿಸುವ ಮೊದಲು ಪಠ್ಯದಿಂದ ಕಣ್ಣಿಗೆ ಕಾಣದ ಜೋಡಕ, ತಡೆ ಚಿಹ್ನೆಗಳನ್ನು (ZWJ, ZWNJ) ತೆಗೆಯಿರಿ, ಅವು ಪದವನ್ನು ನಡುವೆ ಕತ್ತರಿಸುತ್ತವೆ. ವಿಭಕ್ತಿ ಹತ್ತಿದ ರೂಪಗಳಿಗೆ ಪದದ ಕೊನೆಯಲ್ಲಿ ನಕ್ಷತ್ರ ಚಿಹ್ನೆ ಹಾಕಿ ಹುಡುಕಿದರೆ ಮುಂಗುಸಿಯನ್ನು, ಮುಂಗುಸಿಗೆ ಎಲ್ಲವೂ ಬರುತ್ತವೆ. ಸಮಾಸದ ನಡುವೆ ಅಡಗಿದ ಪದ ಬೇಕಾದರೆ ಪಠ್ಯವನ್ನು ಮೂರು ಮೂರು ಚಿಹ್ನೆಗಳ ತುಂಡು ಮಾಡುವ ‘ಟ್ರೈಗ್ರಾಂ’ ವಿಭಜಕದ ಎರಡನೆಯ ಕೋಷ್ಟಕ ಮಾಡಿ, ಅದಕ್ಕೆ 3.34 ಬೇಕು. ಸಂಧಿ ತುಂಬಿದ ಹಳಗನ್ನಡಕ್ಕೂ ಸಂಸ್ಕೃತಕ್ಕೂ ಇದೇ ಹೆಚ್ಚು ಉಪಯೋಗ.

ನಕ್ಷೆ ಮತ್ತು ಕಾಪು

ನಕ್ಷೆ ಮಾಡುವುದಾದರೆ ಬೆಡ್‌ಗೆಲರ್ಟ್‌ಗೆ ಅಕ್ಷಾಂಶ 53.01, ರೇಖಾಂಶ ಪಶ್ಚಿಮ 4.10, ಅಂದರೆ ಋಣ ಚಿಹ್ನೆಯೊಂದಿಗೆ. ನಕ್ಷೆಯ ಚುಕ್ಕೆಗಳನ್ನು ಬರೆದಿಡುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದಲುಬದಲಾದರೆ ಗೆಲರ್ಟ್ ಸೀಶೆಲ್ಸ್ ದ್ವೀಪಗಳ ಹತ್ತಿರ ಹಿಂದೂ ಮಹಾಸಾಗರದಲ್ಲಿ ಬೀಳುತ್ತಾನೆ. ಚುಕ್ಕೆ ಇಡಬೇಕಾದ್ದು ಪಾಠ ಬರೆದ ಜಾಗಕ್ಕೋ ಕತೆ ನಡೆದ ಜಾಗಕ್ಕೋ ಎಂದು ಮೊದಲೇ ತೀರ್ಮಾನಿಸಿ, ಎರಡಕ್ಕೂ ಬೇರೆ ಬಣ್ಣ ಕೊಡಿ.

ಹಂಚುವ ಮೊದಲು ಹಕ್ಕು ನೋಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, ಎಣಿಕೆ ಮುಂದಿನ ವರ್ಷದ ಮೊದಲ ದಿನದಿಂದ. ಎಡ್ಜರ್ಟನ್ 1963ರಲ್ಲಿ ತೀರಿಕೊಂಡರು, ಹಾಗಾಗಿ ಅವರ ಅನುವಾದ ಇಲ್ಲಿ 2024ರಿಂದ ಮುಕ್ತ. ಹಳೆಯ ಕೃತಿಗೆ ಹೊಸ ಸಂಪಾದಕರು ಬರೆದ ಪ್ರಸ್ತಾವನೆ, ಟಿಪ್ಪಣಿಗಳಿಗೆ ಬೇರೆ ಹಕ್ಕು ಇರುತ್ತದೆ. ಹಾತಿಟ್ರಸ್ಟ್ ಎಂಬ ಡಿಜಿಟಲ್ ಗ್ರಂಥಾಲಯದಲ್ಲಿ ಅಮೆರಿಕದವರಿಗೆ ತೆರೆಯುವ ಕೆಲವು ಪುಸ್ತಕ ಇಲ್ಲಿಂದ ತೆರೆಯುವುದಿಲ್ಲ. ಅದೇ ಪುಸ್ತಕವನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ.

ಕೊಂಡಿಗಳು ಸಾಯುತ್ತವೆ. ಪ್ರತಿ ಸಾಲಿನ ಪುಟವನ್ನೂ ಜಾಲಪುಟಗಳ ನಕಲು ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿ, ಆ ಎರಡನೆಯ ಕೊಂಡಿಗೂ ಕಾಲಂ ಇಡಿ. ಕೃತಿಯೊಳಗಿನ ಜಾಗವನ್ನು 64ನೆಯ ತರಂಗ, ತೈಶೋ 1425 ಎಂದು ಬರೆದಿಟ್ಟಿದ್ದರೆ ಕೊಂಡಿ ಹೋದರೂ ಇನ್ನೊಂದು ಆವೃತ್ತಿಯಲ್ಲಿ ಜಾಗ ಸಿಗುತ್ತದೆ. 13ನೆಯ ಸಾಲಿಗೆ 1251ರ ಸ್ಪ್ಯಾನಿಷ್ ‘ಕಲೀಲ ಎ ದಿಮ್ನ’ವನ್ನು ತೆಗೆದುಕೊಳ್ಳಿ. ಅದು ನೇರ ಅರಬ್ಬಿಯಿಂದ ಬಂದದ್ದು. ತೆರೆದ ಕೂಡಲೇ ನೋಡಬೇಕಾದ ಕಾಲಂ ಎರಡು: ಪ್ರಾಣಿ, ಒಳಗತೆ.